ಹೆಬ್ಬಾಳಕ್ಕೆ ಹೋದವರು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು ನಾನು. ಎದುರಿಗೆ ಕೂತು ನಗುವುದು ಸರಿಯಲ್ಲ, ನಂಬುವುದಂತೂ ನನ್ನಿಂದಾಗದು. ಕಾನ್ವೆಂಟಿನಲ್ಲಿ ನಮಗೆ ಪಾಠ ಮಾಡಿದ ಸಿಸ್ಟರ್ ಒಬ್ಬರು ಹೇಳುತ್ತಿದ್ದರು: ತೀರಿಕೊಂಡವರಿಗಾಗಿ ಪ್ರಾರ್ಥಿಸಬೇಕು, ಅವರ ದಾರಿ ಕಾಯಬಾರದು. ಬಹಳ ಕಾಲ ಆ ಮಾತು ನನಗೆ ಕಷ್ಟವಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾನು ಕೇಳಿದ್ದನ್ನು ಇಲ್ಲಿ ಇದ್ದ ಹಾಗೆ ಹೇಳುತ್ತೇನೆ. ಆಮೇಲೆ ನೀವು ನನ್ನ ಬಗ್ಗೆ ಏನಾದರೂ ಅಂದುಕೊಳ್ಳಿ.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ರಕ್ತದ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಸಂಶೋಧನೆ ನಡೆಯುತ್ತಿತ್ತು. ಸೇರುತ್ತೀರಾ ಎಂದು ಕೇಳಿದರು, ಇವರು ಒಪ್ಪಿದರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇದ್ದೇ ಇತ್ತು. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಮಾತ್ರೆ, ಉಳಿದರ್ಧಕ್ಕೆ ಅದೇ ಬಣ್ಣದ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆಯೇ ಹೇಳುವುದು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ನಮಗೆಲ್ಲ ಅದೊಂದೇ ಮಾತು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ಅಲ್ಲೇ ಮನೆ ಮಾಡಿದ್ದ ಸಿದ್ದರಾಜು, ಅವರ ಹೆಂಡತಿ ರತ್ನಮ್ಮ ನಮ್ಮ ಪಕ್ಕ ಕೂರುತ್ತಿದ್ದರು. ಮಾತ್ರೆ ನುಂಗಿದರೆ ಸಿದ್ದರಾಜುಗೆ ವಾಂತಿ. "ನಂದೇ ಅಸಲು ಕಣ್ರೀ ಮೇಷ್ಟ್ರೇ, ನಿಮ್ದು ಬರೀ ಸಕ್ಕರೆ" ಎಂದು ಛೇಡಿಸಿದರೆ ನಮ್ಮವರು, "ವಾಂತಿ ಮಾಡ್ದೋರಿಗೆಲ್ಲ ಔಷಧಿ ಬಿದ್ದಿದೆ ಅಂದ್ರೆ ಊಟಿ ಬಸ್ಸಲ್ಲಿ ಕೂತೋರೆಲ್ಲ ವಾಸಿಯಾಗಿರ್ಬೇಕಿತ್ತು ಕಣಯ್ಯ" ಎನ್ನುತ್ತಿದ್ದರು. ಅವರು ನಗುವಾಗ ನಾನು ಇಬ್ಬರ ಉಗುರುಗಳನ್ನು ನೋಡುತ್ತಿದ್ದೆ. ಸಿದ್ದರಾಜು ಉಗುರಿಗೆ ಬರಬರುತ್ತ ಕೆಂಪು ಏರುತ್ತಿತ್ತು. ನಮ್ಮವರದು ಮೇಣದ ಬಣ್ಣದಲ್ಲೇ ಉಳಿಯಿತು.

ಅವರು ಹೋಗಿಬಿಟ್ಟರು. ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಮಗಳ ಮದುವೆಗೆ ಹೊಲಿಸಿದ್ದ ಕೋಟು ತೆಗೆದೆ. ಒಳಗೆ ಹಾಕುವ ಬಿಳಿ ಶರ್ಟಿಗೆ ಹೊಟ್ಟೆಯ ಹತ್ತಿರದ ಗುಂಡಿ ಇರಲಿಲ್ಲ. ಆ ಗಡಿಬಿಡಿಯಲ್ಲಿ ಬಿಳಿಯದು ಸಿಗದೆ, ಮಗಳ ಹಳೆಯ ಯೂನಿಫಾರ್ಮಿನಿಂದ ಒಂದು ನೀಲಿ ಗುಂಡಿ ಕತ್ತರಿಸಿ ಹೊಲಿದೆ. ಬಾಗಿಲು ಹಾಕಿಕೊಂಡು ಒಬ್ಬಳೇ ತೊಡಿಸಿದೆ. ಗುಂಡಿಯ ಮೇಲೆ ಕೋಟು ಬಂತು, ಕೋಟಿನ ಮೇಲೆ ಹೂವು ಬಂತು.

ಕೆಲವು ದಿನ ಕಳೆದು ಫೋನ್. ಸಂಶೋಧನೆಯ ಕೆಲಸ ನೋಡಿಕೊಳ್ಳುವ ಹುಡುಗಿ. "ಸಾರಿ ಮೇಡಂ... ಉಳಿದಿರೋ ಮಾತ್ರೆ, ಖಾಲಿ ಡಬ್ಬಿ ಎಲ್ಲಾ ವಾಪಸ್ ಬರ್ಬೇಕಿತ್ತು." ಅದು ನಿಯಮವಂತೆ. ಮನುಷ್ಯ ವಾಪಸ್ ಬರದಿದ್ದರೂ ಡಬ್ಬಿ ಬರಬೇಕು. ಬಟ್ಟೆಯ ಚೀಲಕ್ಕೆ ತುಂಬಿಕೊಂಡು, ರಾಮಕೃಷ್ಣನಗರದಿಂದ ಆಟೋದಲ್ಲಿ ಹೋದೆ.

ಅದೇ ಬೆಂಚಿನ ಮೇಲೆ ರತ್ನಮ್ಮ ಕೂತಿದ್ದಳು. ನಮ್ಮದು ಆಸ್ಪತ್ರೆಯ ಪರಿಚಯ ಅಷ್ಟೇ. ನಾನು ಸಾವಿನ ಸುದ್ದಿ ತಿಳಿಸಿರಲಿಲ್ಲ.

"ಅಕ್ಕಾ, ಮೇಷ್ಟ್ರು ಒಳಗವ್ರಾ? ಮೊನ್ನೆ ನಮ್ಮನೆ ಹುಡುಕ್ಕಂಡು ಬಂದ್ಬುಟ್ಟಿದ್ರಲ್ಲ!"

ಅವಳೇ ಮುಂದುವರಿಸಿದಳು. "ನಮ್ಮೆಜಮಾನ್ರು ಈ ವಾಂತಿ ಸಾಕಾಗೋಯ್ತು, ಇನ್ನು ಮಾತ್ರೆ ಮುಟ್ಟಲ್ಲ ಅಂತ ಹಟ ಹಿಡ್ದು ಕೂತಿದ್ರು. ಸಾಯಂಕಾಲ ಕಾರ್ಖಾನೆ ಬಸ್ಸು ಬರೋ ಹೊತ್ಗೆ ಮೇಷ್ಟ್ರು ಬಂದು ಗೇಟಲ್ಲೇ ನಿಂತ್ರು. 'ನಿಂದೇ ಅಸಲು, ನಂದು ಸಕ್ಕರೆ. ಬಿಡಬೇಡ ಕಣಯ್ಯ' ಅಂದ್ರು. ಕಾಫಿ ಕುಡೀರಿ ಅಂದ್ರೂ ಒಳಕ್ಕೆ ಬರ್ಲಿಲ್ಲ. ಸೆಕೆ ಅಂತ ಕೋಟು ಬಿಚ್ಚಿ ತೋಳ್ಮೇಲೆ ಹಾಕ್ಕಂಡು ಹೊಂಟ್ಬುಟ್ರು. ಅಲ್ಲಾ ಕಣಕ್ಕ, ಅಷ್ಟು ಚೆಂದದ ಬಿಳಿ ಅಂಗಿಗೆ ನೀಲಿ ಗುಂಡಿ ಹೊಲ್ದಿದ್ದೀರಲ್ಲ, ಮನೇಲಿ ಬೇರೆ ಸಿಗ್ನಿಲ್ವಾ?"

ಅವಳು ನಗುತ್ತಿದ್ದಳು. ನಾನು ಚೀಲವನ್ನು ನೆಲಕ್ಕಿಟ್ಟೆ, ಒಳಗೆ ಡಬ್ಬಿಗಳು ಸದ್ದು ಮಾಡಿದವು. ಅವರನ್ನು ಮಣ್ಣು ಮಾಡಿ ಆಗಲೇ ವಾರ ದಾಟಿದೆ ಎಂದೆ.

ರತ್ನಮ್ಮ ಬೆಂಚಿನ ಅಂಚು ಹಿಡಿದುಕೊಂಡಳು. "ಮೊನ್ನೆ ಕಣಕ್ಕ. ನನ್ನ ಮಕ್ಕಳಾಣೆ, ಮೊನ್ನೆ."

ನಾನು ಒಂದೇ ಒಂದು ಮಾತು ಕೇಳಿದೆ. "ನನ್ನ ವಿಷಯ ಏನಾದ್ರೂ ಅಂದ್ರಾ?"

ಸುಳ್ಳು ಹೇಳಬಹುದಿತ್ತು. ಪಾಪ, ಅವಳಿಗೆ ಬರಲಿಲ್ಲ. ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತ ಕೂತಳು.

ಸಿದ್ದರಾಜು ಮಾತ್ರೆ ಬಿಡಲಿಲ್ಲ. ಈಗಲೂ ಶಿಫ್ಟಿಗೆ ಹೋಗುತ್ತಾರೆ. ಸಂಶೋಧನೆ ಮುಗಿದ ಮೇಲೆ ಅವರೇ ಫೋನ್ ಮಾಡಿ, ತಮ್ಮದು ಹೊಸ ಮಾತ್ರೆಯೇ ಆಗಿತ್ತೆಂದು ತಪ್ಪು ಮಾಡಿದವರ ದನಿಯಲ್ಲಿ ಹೇಳಿದರು. ನಮ್ಮವರದು ಔಷಧಿಯಿಲ್ಲದ್ದು ಎಂದು ಆ ಹುಡುಗಿಯಿಂದ ತಿಳಿಯಿತು. "ಸಾರ್ ಕೊಡುಗೆ ದೊಡ್ಡದು ಮೇಡಂ. ಹೋಲಿಸಿ ನೋಡೋಕೆ ಅಂಥವರೂ ಬೇಕಲ್ಲ" ಎಂದಳು. ಬೇಕು, ನಿಜ. ಹೋಲಿಸಿ ನೋಡಲು ಬೇಕಾದವರ ಜೊತೆ ನಾನು ಸಂಸಾರ ಮಾಡಿದ್ದೆ.

ಡಾಕ್ಟರಿಗೂ ತಿಳಿಯದಿದ್ದದ್ದು ಅವರಿಗೆ ಹೇಗೆ ತಿಳಿಯಿತು? ನನ್ನ ಹಾಗೆ ಅವರೂ ಉಗುರು ನೋಡಿ ಊಹಿಸಿದ್ದರೇನೋ. ನೀಲಿ ಗುಂಡಿಯನ್ನು ಹೇಗೆ ವಿವರಿಸಲಿ? ಆದರೆ ನನ್ನನ್ನು ತಿನ್ನುವುದು ಅದೂ ಅಲ್ಲ. ಬದುಕಿದ್ದಾಗ ಒಮ್ಮೆಯೂ ನೋಡದ ಹೆಬ್ಬಾಳದ ಮನೆಯನ್ನು ಅವರು ಹುಡುಕಿಕೊಂಡು ಹೋದರು. ದಿನಾ ಬೆಳಿಗ್ಗೆ ಪೈಪು ಹಿಡಿದು ಗೋಡೆಗೆ ನೀರು ಹಾಯಿಸಿ ಕಟ್ಟಿಸಿದ ಈ ಮನೆಗೆ ಬರಲಿಲ್ಲ.

ಸಂಜೆ ಗೇಟಿನ ಚಿಲಕ ಸದ್ದಾದರೆ ಒಲೆ ಸಣ್ಣ ಮಾಡಿ ಹೊರಗೆ ಬರುತ್ತೇನೆ. ಕಾಯಬಾರದು ಎಂದು ಸಿಸ್ಟರ್ ಹೇಳಿದ್ದು ನೆನಪಿದೆ.