ಹೆಸರನ್ನು ಕೊನೆಗೆ ಬರೆದ ಪಟ್ಟಿ

ಕಳೆದ ತಿಂಗಳು ನಮ್ಮ ಮಹಿಳಾ ಮಂಡಲದ ಹಳೆಯ ನಡಾವಳಿ ಪುಸ್ತಕಗಳನ್ನು ಬೈಂಡ್ ಮಾಡಿಸಲು ಕುಂದಾಪುರಕ್ಕೆ ಹೋಗಿದ್ದೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು. ಮೈದಾ ಹಿಟ್ಟಿಗೆ ಮೈಲುತುತ್ತು ಹಾಕಿ ಕುದಿಸಿದ ಅಂಟು, ಅದರ ಜೊತೆಗೆ ಆಗಷ್ಟೇ ಕತ್ತರಿಸಿದ ರಟ್ಟು. ಇಪ್ಪತ್ತು ವರ್ಷಗಳಿಗಿಂತ ಹಿಂದೆ ಇಂಥದ್ದೇ ಒಂದು ಅಂಗಡಿಯ ಬೆಂಚಿನ ಮೇಲೆ, ಖಾಕಿ ಅಂಗಿ ತೊಟ್ಟ ಒಬ್ಬರ ಪಕ್ಕದಲ್ಲಿ ಕುಳಿತು, ಒಂದು ಪುಸ್ತಕಕ್ಕೆ ಗೆರೆ ಎಲ್ಲೆಲ್ಲಿ ಬರಬೇಕು ಎಂದು ನಾನು ಅರ್ಧ ದಿನ ಚರ್ಚೆ ಮಾಡಿದ್ದೆ...

ಆಗ ನನಗೆ ಇಪ್ಪತ್ತೆರಡು. ಶಂಕರನಾರಾಯಣದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ವಿದ್ಯುತ್ ಕಚೇರಿಯಲ್ಲಿ ಫೋನು ಎತ್ತುವ ತಾತ್ಕಾಲಿಕ ಕೆಲಸ. ಕರೆಂಟು ಹೋಯಿತು, ಕಂಬ ವಾಲಿತು, ಫ್ಯೂಸು ಹಾರಿತು ಎಂದು ಜನ ಹೇಳಿದ್ದನ್ನು ದೂರಿನ ಪುಸ್ತಕದಲ್ಲಿ ಬರೆದು ಲೈನ್‌ಮನ್‌ಗಳಿಗೆ ಕೊಡಬೇಕು. ಮೂವರು ಲೈನ್‌ಮನ್‌ಗಳಲ್ಲಿ ಹಿರಿಯರು ಆ ಖಾಕಿ ಅಂಗಿಯವರು. ಊರವರೆಲ್ಲ ಲೈನ್‌ಮನ್ ಎಂದೇ ಕರೆಯುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ. ಐವತ್ತು ದಾಟಿದ ತೆಳ್ಳಗಿನ ಮೈ, ಹಗ್ಗದಂಥ ಕೈಗಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಾದರೂ ಅಕ್ಷರ ನನ್ನದಕ್ಕಿಂತ ಚಂದ.

ಮಳೆಗಾಲದಲ್ಲಿ ಮಧ್ಯಾಹ್ನದೊಳಗೆ ಎರಡು ಪುಟ ತುಂಬುತ್ತಿತ್ತು. ಕ್ರಮಸಂಖ್ಯೆ, ಹೆಸರು, ಊರು, ದೂರು, ಇಷ್ಟೇ ಅಂಕಣಗಳು. ಯಾರು ಮೊದಲು ಫೋನು ಮಾಡಿದರೋ ಅವರದ್ದು ಮೊದಲು ಎಂಬುದು ಲೆಕ್ಕ. ನಡೆಯುತ್ತಿದ್ದುದು ಬೇರೆ. ಪುಟ ತೆರೆದವರ ಬೆರಳು ಹೆಸರುಗಳ ಮೇಲೆ ಜಾರುತ್ತ ಹೋಗಿ ಯಾವುದಾದರೂ ದೊಡ್ಡ ಹೆಸರು ಸಿಕ್ಕಲ್ಲಿ ನಿಲ್ಲುತ್ತಿತ್ತು. ಗದ್ದೆಯಲ್ಲಿ ತಂತಿ ಬಿದ್ದ ದೂರು ಕೆಳಗೆಲ್ಲೋ ಉಳಿದು ಸಂಜೆಯಾಗುತ್ತಿತ್ತು.

ಒಂದು ದಿನ ಅವರು ಮಳೆಕೋಟು ಬಿಚ್ಚುತ್ತ ಮೇಜಿನ ಬಳಿ ನಿಂತು ಹೇಳಿದರು.

"ಹೆಣ್ಣೇ, ಈ ಪಟ್ಟಿ ಸಮ ಇಲ್ಲೆ. ಇದ್ರೊಳ್ಗೆ ಎಲ್ಲಾ ಇತ್ತ್, ಮೊದ್ಲ್ ಎಲ್ಲಿಗ್ ಹೋಯ್ಕ್ ಅಂಬುದೊಂದೇ ಇಲ್ಲೆ."

ನಮ್ಮ ಕಡೆ ಬರೆಯುವ ಪುಸ್ತಕಕ್ಕೆ ಪಟ್ಟಿ ಎನ್ನುವುದೇ ರೂಢಿ. ಆ ಪಟ್ಟಿಯನ್ನು ಸರಿಮಾಡಲು ಕುಳಿತೆವು. ಮೊದಲು ಅವಸರದ್ದಕ್ಕೆ ಒಂದು, ಉಳಿದದ್ದಕ್ಕೆ ಎರಡು ಎಂದು ಮೂರು ಪುಸ್ತಕ ಇಟ್ಟು ನೋಡಿದೆವು. ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಸರಿಯಾದ ಪುಸ್ತಕ ಹುಡುಕುವಷ್ಟರಲ್ಲಿ ಆ ಕಡೆಯವರು ಫೋನು ಇಟ್ಟುಬಿಡುತ್ತಿದ್ದರು. ಒಂದು ವಾರದಲ್ಲಿ ಒಂದು ಪುಸ್ತಕ ಯಾರದೋ ಚೀಲ ಸೇರಿ ಮಳೆಗೆ ಮುದ್ದೆಯಾಯಿತು. ಆಮೇಲೆ ಅವಸರದ ದೂರಿಗೆ ಕೆಂಪು ಪೆನ್ಸಿಲಿನ ಗೆರೆ ಎಂದುಕೊಂಡೆವು. ಫೋನಿನಲ್ಲಿ ಎಲ್ಲರೂ ಅವಸರದಲ್ಲೇ ಮಾತಾಡುತ್ತಾರಲ್ಲ, ಮೂರನೆಯ ದಿನಕ್ಕೆ ಇಡೀ ಪುಟ ಕೆಂಪಾಗಿತ್ತು.

"ಜನ ಹೇಂಗ್ ಹೇಳ್ತ್ರ್ ಅಂಬುದ್ ಬ್ಯಾಡ. ಎಂತ ಆಯ್ತ್ ಅಂಬುದ್ ಕಾಂಬ" ಎಂದರು.

ಒಂದು ರಜಾ ದಿನ ಉದ್ದನೆಯ ಹಾಳೆಯ ಮೇಲೆ ಸ್ಕೇಲಿಟ್ಟು ಅವರೇ ಗೆರೆ ಎಳೆದರು. ಪುಟ ಮೂರು ಭಾಗವಾಯಿತು. ಮೇಲೆ ಜೀವ, ನಡುವೆ ನೀರು, ಕೆಳಗೆ ಬೆಳಕು. ತಂತಿ ಬಿದ್ದದ್ದು, ಕಂಬದಲ್ಲಿ ಶಾಕ್ ಹೊಡೆಯುವುದು ಜೀವಕ್ಕೆ. ಕುಡಿಯುವ ನೀರಿನ ಪಂಪು, ಆಸ್ಪತ್ರೆ ನೀರಿಗೆ. ಉಳಿದದ್ದೆಲ್ಲ ಬೆಳಕಿಗೆ. ಜೀವದ ಭಾಗಕ್ಕೆ ಅವರು ಬಿಟ್ಟದ್ದು ನಾಲ್ಕೇ ಗೆರೆ.

"ನಾಲ್ಕು ಸಾಕಾ ಅಣ್ಣ?"

"ಸಾಕ್. ಐದನೇದ್ ಬಂದ್ರೆ ಬರ್ಕಂಡ್ ಕೂರೂದಲ್ಲ, ಇಡೀ ಲೈನ್ ಬಂದ್ ಮಾಡ್ಸುದ್."

ಆ ದಿನ ಆಗದೆ ಉಳಿದ ದೂರನ್ನು ಮರುದಿನದ ಪುಟಕ್ಕೆ ನಾನೇ ಕೈಯಾರೆ ನಕಲು ಮಾಡಬೇಕು. ಮೂರು ಸಲ ನಕಲಾದದ್ದು ಬೆಳಕಿನಲ್ಲಿದ್ದರೂ ನೀರಿನ ಭಾಗಕ್ಕೆ ಏರಬೇಕು. ಹಾಗಿಲ್ಲದಿದ್ದರೆ ಗುಡ್ಡೆಯ ಆಚೆಯ ಒಂಟಿ ಮನೆಗೆ ಸರದಿಯೇ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ದಿನವೂ ಬರೆದು ಕೈ ನೋಯುತ್ತದೆ ಎಂದು ನಾನು ಗೊಣಗಿದೆ. "ನೋಯ್ಲಿ. ಆಗ್ಳೇ ಆ ಮನಿ ನೆನ್ಪ್ ಆಪ್ದ್" ಎಂದು ನಕ್ಕರು.

ಹೆಸರಿನ ಅಂಕಣವನ್ನು ಪುಟದ ಬಲತುದಿಗೆ ಹಾಕಿ, ಆ ತುದಿಯನ್ನು ಒಳಕ್ಕೆ ಮಡಚುವ ಉಪಾಯವನ್ನು ಅವರು ನನ್ನ ಲೆಕ್ಕಕ್ಕೆ ಹಾಕುತ್ತಿದ್ದರು. ಅದು ಅವರದ್ದೇ ಎಂದು ನನ್ನ ನೆನಪು. ಯಾರದ್ದಾದರೂ ಇರಲಿ, ಮಡಿಕೆ ಬಿಡಿಸಿದರೆ ಮಾತ್ರ ಹೆಸರು ಕಾಣುತ್ತಿತ್ತು. ಕುಂದಾಪುರದ ಬೈಂಡರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೆಸ್ರ್ ಕಡೀಗಾ? ಲೋಕದೊಳ್ಗೆ ಎಲ್ಲೂ ಇಲ್ಲೆ ಮಾರಾಯ್ರೇ."

"ಹಂಗಾರೆ ಇಲ್ಲಿಂದ್ಲೇ ಶುರು ಆಯ್ಲಿ" ಎಂದರು ಅಣ್ಣ.

ಆ ವರ್ಷದ ಜುಲೈನಲ್ಲಿ ಆದದ್ದನ್ನು ನಾನು ಮರೆತಿಲ್ಲ. ಬೆಳಿಗ್ಗೆಯಿಂದ ಊರಿನ ಪ್ರಮುಖರೊಬ್ಬರ ಮನೆಯಿಂದ ನಾಲ್ಕು ಸಲ ಫೋನು ಬಂದಿತ್ತು. ಮಗಳ ನಿಶ್ಚಿತಾರ್ಥ, ವೋಲ್ಟೇಜು ಕಮ್ಮಿ, ಫ್ಯಾನು ತಿರುಗುತ್ತಿಲ್ಲ. ಮೊದಲು ಅಲ್ಲಿಗೆ ಹೋಗಬೇಕೆಂದು ನಮ್ಮ ಶಾಖಾಧಿಕಾರಿಯೂ ಫೋನು ಮಾಡಿ ಹೇಳಿದರು. ಅದರ ನಡುವೆ ಒಬ್ಬ ಹೆಂಗಸು ಯಾವುದೋ ಅಂಗಡಿಯಿಂದ ಮಾತಾಡಿತು. "ನಮ್ ಮನಿ ಹಿಂದ್ ಹಲ್ಸಿನ್ ಮರದ್ ಮೇಲೆ ಎಂತದೋ ಜುಂಯ್ ಅಂಬ್ ಶಬ್ದ" ಎಂದಿತು. ಕರೆಂಟು ಇದೆಯಾ ಎಂದು ಕೇಳಿದೆ. ಇದೆ ಎಂದಿತು. ಕರೆಂಟು ಇದ್ದ ಮೇಲೆ ಅವಸರವೇನು ಎಂದುಕೊಂಡು ಬೆಳಕಿನ ಭಾಗದ ಕೊನೆಯ ಗೆರೆಯಲ್ಲಿ ಬರೆದೆ.

ಅಣ್ಣ ಬಂದು ಪುಟ ತೆರೆದರು. ಅಧಿಕಾರಿಯ ಮಾತನ್ನು ನಾನು ಹೇಳುತ್ತಿದ್ದಂತೆಯೇ ಅವರ ಬೆರಳು ಕೊನೆಯ ಗೆರೆಗೆ ಹೋಯಿತು.

"ಈ ಶಬ್ದ ಎಂತ? ದೀಪ ಉರಿತಿತ್ತಂಬ್ರಾ?"

"ಹೌದು ಅಣ್ಣ, ಕರೆಂಟ್ ಇದೆ ಅಂತು."

ಅವರು ಫೋನು ಎಳೆದುಕೊಂಡು ಸಬ್‌ಸ್ಟೇಷನ್ನಿಗೆ ಹೇಳಿ ಆ ಕಡೆಯ ಲೈನನ್ನು ಬಂದ್ ಮಾಡಿಸಿದರು. ನಿಶ್ಚಿತಾರ್ಥದ ಮನೆಯೂ ಅದೇ ಲೈನಿನಲ್ಲಿತ್ತು. ನೆನಪಿಸಿದೆ. "ಗೊತ್ತಿತ್ತ್" ಎಂದು ಏಣಿ ಎತ್ತಿಕೊಂಡು ಹೋದರು.

ಮುಂದಿನ ಎರಡು ಗಂಟೆ ನಾನು ಫೋನಿನಲ್ಲಿ ತಿಂದ ಬೈಗಳಿಗೆ ಲೆಕ್ಕವಿಲ್ಲ. ಅವರು ತೊಯ್ದು ತೊಪ್ಪೆಯಾಗಿ ಮರಳಿದರು. ಚಾ ಕುಡಿದ ಮೇಲೆ ಹೇಳಿದರು. ಕಂಬದಿಂದ ಕಳಚಿದ ತಂತಿ ತುಂಡಾಗದೆ, ಕರೆಂಟು ಹರಿಯುತ್ತಿದ್ದಂತೆಯೇ ಹಲಸಿನ ಕೊಂಬೆಯ ಮೇಲೆ ಕೂತಿತ್ತು. ಅದೇ ಮರಕ್ಕೆ ಬಟ್ಟೆ ಒಣಗಿಸಲು ಕಬ್ಬಿಣದ ಸರಿಗೆ ಕಟ್ಟಿದ್ದರು. ಸರಿಗೆಯ ಇನ್ನೊಂದು ತುದಿ ಬಚ್ಚಲು ಮನೆಯ ಕಿಟಕಿಗೆ. ಕಿಟಕಿಯ ಕೆಳಗೆ ಒಂದು ಕೋಳಿ ಸತ್ತು ಬಿದ್ದಿತ್ತು.

"ಬಟ್ಟಿ ತೆಗೂಕಂದೇ ಹೊರ್ಟದ್ದಂಬ್ರ್ ಆ ಹೆಂಗ್ಸ್. ಶಬ್ದ ಕೇಂಡ್ ಹೆದ್ರಿ ಅಂಗ್ಡಿಗ್ ಬಂದದ್ದ್..."

ನನಗೆ ಅಳು ಬಂತು. ನಾನು ಬರೆದ ಗೆರೆಯಂತೆಯೇ ಅವರು ನಡೆದಿದ್ದರೆ ಅಲ್ಲಿಗೆ ಹೋಗುವುದು ಮರುದಿನವಾಗುತ್ತಿತ್ತು.

"ನಿಂದ್ ತಪ್ಪಲ್ಲ. ಎಂತ ಕೇಳ್ಕ್ ಅಂತ ಪಟ್ಟಿ ನಿಂಗ್ ಹೇಳ್ಲಿಲ್ಲೆ. ಅದ್ನ ಸಮ ಮಾಡ್ವ" ಎಂದರು.

ಮರುದಿನ ಶಾಖಾಧಿಕಾರಿ ಬಂದರು. ಸಿಟ್ಟಿನಲ್ಲೇ ಬಂದಿದ್ದರು. ಅಣ್ಣ ಪುಟವನ್ನು ಅವರ ಮುಂದಿಟ್ಟು, ಹೆಸರಿನ ಮಡಿಕೆಯನ್ನು ಬಿಡಿಸದೆ ನಿಂತರು. "ಮೊದ್ಲ್ ಎಲ್ಲಿಗ್ ಹೋಯ್ಕಿತ್ತ್, ನೀವೇ ಹೇಳಿ" ಎಂದು ಮೆಲ್ಲಗೆ ಕೇಳಿದರು. ಅಧಿಕಾರಿ ಓದಿದರು, ಕೋಳಿಯ ವಿಷಯ ಕೇಳಿದರು, ಕೊನೆಗೆ ಪುಸ್ತಕ ಮುಚ್ಚಿ, ಇಂಥ ಪುಸ್ತಕಗಳು ಇನ್ನೆಷ್ಟು ಇವೆ ಎಂದು ವಿಚಾರಿಸಿದರು. ಮುಂದಿನ ಮಳೆಗಾಲಕ್ಕೆ ಬೈಂದೂರಿನ ದಾರಿಯ ಇನ್ನೊಂದು ಕಚೇರಿಗೂ ಅದೇ ಗೆರೆಯ ಪುಸ್ತಕ ಹೋಯಿತು. ಈ ಸಲ ಅದರ ರಟ್ಟಿನ ಒಳಬದಿಯಲ್ಲಿ ಮೂರು ಪ್ರಶ್ನೆಗಳಿದ್ದವು. ದೀಪ ಉರಿಯುತ್ತಿದೆಯೇ? ತಂತಿ ಎಲ್ಲಿದೆ? ಹತ್ತಿರ ಯಾರಿದ್ದಾರೆ? ಮೂರಕ್ಕೂ ಉತ್ತರ ಸಿಗುವವರೆಗೆ ಫೋನು ಇಡಬಾರದು. ಮತ್ತೆ ನಾನು ತಪ್ಪು ಭಾಗದಲ್ಲಿ ಬರೆಯಲಿಲ್ಲ. ಧೈರ್ಯವೂ ನನಗೆ ಬಂದದ್ದು ಅಲ್ಲಿಂದಲೇ. ಎಂಥ ದೊಡ್ಡ ಮನುಷ್ಯ ಫೋನಿನಲ್ಲಿ ಗುಡುಗಿದರೂ ದೀಪ ಉರಿಯುತ್ತಿದೆಯೇ ಎಂದು ಸಮಾಧಾನದಿಂದ ಕೇಳುತ್ತಿದ್ದೆ.

ನಾಲ್ಕು ವರ್ಷದ ಮೇಲೆ ನನಗೆ ಪಂಚಾಯಿತಿಯಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾಗಿ ಬಸ್ರೂರಿನ ಹತ್ತಿರ ಮನೆ ಮಾಡಿದರು. ಒಂದೆರಡು ಸಲ ಬಸ್ಸಿನಲ್ಲಿ ಸಿಕ್ಕಿದ್ದರು. ಕರೆಂಟಿನ ದೂರು ಆಮೇಲೆ ಕಂಪ್ಯೂಟರಿಗೆ ಹೋಯಿತು. ಒಮ್ಮೆ ಅವರ ಮನೆಗೆ ಬರುತ್ತೇನೆ ಎಂದು ನಾನು ಹೇಳಿದ್ದು, ನಾಳೆ ನಾಡಿದ್ದು ಎಂದು ಮುಂದೆ ಹೋಗುತ್ತಲೇ ಇತ್ತು... ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಹದಿಮೂರನೆಯ ದಿನವೂ ಕಳೆದಿತ್ತು.

ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳುತ್ತಿದ್ದಂತೆ ಅವರು ನನ್ನ ಕೈ ಹಿಡಿದುಕೊಂಡರು.

"ಪಟ್ಟಿ ಮಾಡಿದ್ ಹುಡ್ಗಿ ನೀನೇಯಾ? ಮನಿಗ್ ಬಂದರಿಗೆಲ್ಲಾ ಹೇಳ್ತಿದ್ರ್. ಅಷ್ಟೂ ತಲೆ ಆ ಹುಡ್ಗಿದೇ, ನಾನ್ ಬರೀ ಗೆರಿ ಎಳ್ದದ್ದ್ ಅಂಬ್ರ್."

ನಾನು ಹೋದಲ್ಲೆಲ್ಲ ಆ ಪುಸ್ತಕ ಅವರದ್ದು ಎಂದೇ ಹೇಳಿಕೊಂಡು ಬಂದವಳು. ಇಂದಿಗೂ ಹಾಗೇ ಹೇಳುತ್ತೇನೆ, ಈಗಲೂ ಹೇಳುತ್ತಿದ್ದೇನೆ. ಅಲ್ಲ, ಅದು ನಿನ್ನದೇ ಎಂದು ಎದುರು ಕುಳಿತು ವಾದ ಮಾಡಲು ಅವರಿಲ್ಲ.