ಒಂದು ತಂಬಿಗೆ ನೀರು, ಒಂದು ಒಡ್ಡು

ಹೋದ ಸೋಮವಾರ ನನ್ನ ಹೊಲಕ್ಕೆ ಜೀಪು ಬಂತು. ಜೀಪಿನ ಹಿಂದೆ ಊರೇ ಬಂತು. ನನ್ನ ಒಡ್ಡನ್ನು ಉಳಿಸಬೇಕೋ ಒಡೆಸಬೇಕೋ ಎಂದು ನೋಡಿ ಹೇಳಲು ಸಾಹೇಬರು ಬಂದಿದ್ದರು. ನಾನು ಮದುವೆ ಮುಂಜಿಗೆಂದು ಇಟ್ಟ ರುಮಾಲು ಸುತ್ತಿಕೊಂಡು ನಿಂತಿದ್ದೆ. ಒಡ್ಡು ನನ್ನದು, ಅದಕ್ಕೆ ತಕ್ಕ ಕಳೆ ಬೇಡವೇ?

ಕಾಳಗಿ ಕಡೆ ಬಂದವರಿಗೆ ನಮ್ಮ ಭೂಮಿ ಗೊತ್ತು. ಮೇಲೆ ಕರಿಮಣ್ಣು, ಕೆಳಗೆ ಶಹಾಬಾದಿನಂಥದೇ ಫರಸಿ ಕಲ್ಲು. ದೊಡ್ಡ ಮಳೆ ಬಿದ್ದರೆ ಮಣ್ಣು ಹಳ್ಳದ ಪಾಲು, ಕಲ್ಲು ನಮ್ಮ ಪಾಲು. ಕಲ್ಲಿನ ಮೇಲೆ ಜೋಳ ಬಿತ್ತಲಾದೀತೇ? ಅದಕ್ಕೇ ಹೋದ ಬೇಸಿಗೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿದೆ. (ನಾನು ಶಾಲೆಯನ್ನು ಬೇಗ ಬಿಟ್ಟವನು. ಗುದ್ದಲಿಯನ್ನು ಇನ್ನೂ ಬಿಟ್ಟಿಲ್ಲ.)

ಕೆಳಗಿನ ಹೊಲ ಶರಣಪ್ಪನದು. ತನ್ನ ಹೊಲದ ಕಲ್ಲನ್ನೆಲ್ಲ ಆರಿಸಿ ನನ್ನ ಬದುವಿಗೆ ಎಸೆಯುವುದು ಅವನ ಹಳೆಯ ಚಟ. ನಾನು ಜಗಳಕ್ಕೆ ಬರಲಿ ಎಂದೇ ಎಸೆಯುತ್ತಿದ್ದ. ನಾನು ಹೋಗಲಿಲ್ಲ. ಆ ಕಲ್ಲನ್ನೇ ಒಡ್ಡಿಗೆ ಜೋಡಿಸಿಬಿಟ್ಟೆ. ಅದು ಅವನಿಗೆ ಭಾಳ ಉರಿಯಿತು. ಮೊದಲ ಮಳೆಯ ನೀರು ನನ್ನ ಹೊಲದಲ್ಲೇ ನಿಂತಾಗ, ತನ್ನ ಪಾಲಿನ ನೀರು ಕದ್ದನೆಂದು ಚಿತ್ತಾಪುರದ ಸರಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಅಲ್ಲಿಗೆ ಮಾತು ಬಂದ್. ಅವನ ಹೊಲದ ಕಡೆ ನಾನು ಕತ್ತು ಕೂಡ ಹೊರಳಿಸಲಿಲ್ಲ.

ಅರ್ಜಿ ಹೋದದ್ದು ಮಳೆಗಾಲದಲ್ಲಿ. ಸಾಹೇಬರು ಬಂದದ್ದು ಸುಡುಬೇಸಿಗೆಯಲ್ಲಿ. ಸರಕಾರ ಹೊಸದು, ನಡಿಗೆ ಹಳೆಯದು.

ಸಾಹೇಬರು ಟೇಪು ಹಿಡಿಸಿ ಒಡ್ಡು ಅಳೆದರು. ಆಮೇಲೆ ಇದರ ಲಾಭ ಏನು, ತೋರಿಸು ಎಂದರು. ಏನು ತೋರಿಸಲಿ? ಜೋಳ ಆಗಲೇ ನೆಲದಡಿಯ ಹಗೇವು ಸೇರಿತ್ತು. ಈ ಸಲ ಜೋಳದ ಕಣಕಿ ನನ್ನ ತಲೆ ಮೀರಿ ಬೆಳೆದಿತ್ತು ಎಂದೆ. ಸಾಹೇಬರು ನನ್ನ ಎತ್ತರ ನೋಡಿದರು. (ನಾನು ತುಸು ಗಿಡ್ಡ.) ಹಳ್ಳದ ನೀರು ಮಳೆಗಾಲದಲ್ಲೂ ತಿಳಿಯಾಗಿತ್ತು ಎಂದೆ. ಹಳ್ಳ ಒಣಗಿ ಬಿದ್ದಿತ್ತು. ಒಡ್ಡಿನ ಹುಲ್ಲಿನಲ್ಲಿ ಗೌಜಲಹಕ್ಕಿ ಮನೆ ಮಾಡಿದೆ ಎಂದೆ. ಹಕ್ಕಿ ಜೀಪಿನ ಸದ್ದಿಗೇ ಹಾರಿಹೋಗಿತ್ತು. ಕೊಚ್ಚಿಹೋಗದೆ ಉಳಿದ ಮಣ್ಣನ್ನು ತೋರಿಸಿ, ನೋಡಿ ಇದು ಹೋಗಲಿಲ್ಲ ಎಂದು ಸಾಬೀತು ಮಾಡುವುದು ಹೇಗೆ? ನೀವೇ ಹೇಳಿ.

ಶರಣಪ್ಪ ಮೀಸೆ ತಿರುವಿದ. ಒಡ್ಡಿನಿಂದ ತನಗೆ ಹನಿ ನೀರೂ ಇಲ್ಲದಾಯಿತು ಎಂದು ಗೋಳಾಡಿದ. ಸಾಹೇಬರು ತಲೆದೂಗಿದರು. ಒಂದು ಬೇಸಿಗೆಯ ಬೆವರು, ಸಾಹೇಬರ ಒಂದೇ ಮಾತಿಗೆ ಒಡೆದುಹೋಗುವುದಿತ್ತು.

ಅಷ್ಟರಲ್ಲಿ ಶರಣಪ್ಪನ ತಾಯಿ ನಾಗಮ್ಮ ನೀರಿನ ತಂಬಿಗೆ ಹಿಡಿದು ಕೆಳಗಿನ ಹೊಲದಿಂದ ಹತ್ತಿ ಬಂದರು. ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಮಾತು ಎನ್ನುವುದು ನಮ್ಮ ಕಡೆಯ ರೂಢಿ. ಮಗ ಕಣ್ಣುಸನ್ನೆ ಮಾಡಿದ, ಕೆಮ್ಮಿದ. ಮುದುಕಿ ನೋಡಿದರೆ ತಾನೆ? ಸಾಹೇಬರು ತಂಬಿಗೆ ಎತ್ತಿ ಗಟಗಟ ಕುಡಿದರು. ಈ ಬಿಸಿಲಲ್ಲಿ ಇಂಥ ತಣ್ಣನೆಯ ನೀರು ಎಲ್ಲಿಯದು ಎಂದು ಕೇಳಿದರು.

“ನಮ್ಮ ಬಾವೀದೇ ರೀ ಸಾಹೇಬ್ರ. ಹೋದ ವರ್ಷ ಈ ಹೊತ್ತಿಗಿ ಅದ್ರಾಗ ಕಪ್ಪಿ ಸುದ್ದಾ ಇರ್ಲಿಲ್ಲ. ಈ ಬಸಣ್ಣ ಮ್ಯಾಲ ಒಡ್ಡ ಹಾಕ್ಯಾನಲ್ಲ, ಅವಾಗಿಂದ ತಳಾನೇ ಕಂಡಿಲ್ಲ. ಇನ್ನೊಂದು ತಂಬಿಗಿ ತರ್ಲೇನ್ರಿ?”

“ಅವ್ವಾ, ನೀ ಸುಮ್ಮ ಕುಂದ್ರು,” ಎಂದ ಶರಣಪ್ಪ.

“ಯಾಕಪಾ, ನೀರ ಕುಡಿಸಿದ್ದೂ ತಪ್ಪಾಯ್ತೇನು?”

ಊರು ನಕ್ಕಿತು. ಎಲ್ಲರೂ ಹೋಗಿ ಬಾವಿಗೆ ಇಣುಕಿದೆವು. ನನ್ನ ಹೊಲದಲ್ಲಿ ಇಂಗಿದ ನೀರು ಫರಸಿಯ ಸಂದು ಹಿಡಿದು ಬಂದು ಅವನ ಬಾವಿಯಲ್ಲಿ ಜಿನುಗುತ್ತಿತ್ತು. (ನನ್ನ ಬಾವಿ? ನನಗೆ ಬಾವಿಯೇ ಇಲ್ಲ.)

ಒಡ್ಡು ಉಳಿಯಿತು. ಮೇಲಿನ ಹೊಲದವರೂ ಹಾಕಿಕೊಳ್ಳಲಿ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಈಗ ಶರಣಪ್ಪ ಸೇಡಂ ಸಂತೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದಾನೆ: ಕಲ್ಲು ತನ್ನದು, ನೀರು ತನ್ನದು, ಅಂದಮೇಲೆ ಒಡ್ಡೂ ತನ್ನದೇ.

ಇರಲಿ. ಬರುವ ಮಳೆಗೆ ಅದು ಎಲ್ಲಾದರೂ ಒಡೆದರೆ, ಆಗ ಅದು ಯಾರದು?