ಹೊಂಗೆ ಬೇಲಿಯ ಕಂಡಕ್ಟರ್

ರಾಯದುರ್ಗದ ಬಸ್ಸುಗಳಲ್ಲಿ ಟಿಕೆಟ್ ಹರಿದು ನಿವೃತ್ತನಾದ ತಿಪ್ಪೇಸ್ವಾಮಿ ಈಗ ಮನೆಯ ಸುತ್ತ ತಾನೇ ನೆಟ್ಟ ಹೊಂಗೆ ಬೇಲಿಗೆ ಕಂಡಕ್ಟರ್. ಬಿರುಬೇಸಿಗೆಯಲ್ಲೂ ಹಸಿರಾಗಿ ಸರಸರ ಬೆಳೆಯುವ ಆ ಸಾಲಿನಿಂದ ಒಂದು ಕೊಂಬೆ ಹೊರಚಾಚಿದರೂ ಸಾಕು, "ಒಳಗ ನಡೀರಿ, ಫುಟ್‌ಬೋರ್ಡ್ ಮ್ಯಾಲ ನಿಂದ್ರಬ್ಯಾಡ್ರಿ!" ಎಂದು ಗದರಿ ಕತ್ತರಿ ಹಾಕುತ್ತಾನೆ. ಬೀಗರ ಮನೆಗೆ ಊಟಕ್ಕೆ ಹೋದರೂ ಅವರ ಬೇಲಿಗೊಂದು ಕ್ಷೌರ ಮಾಡದೆ ಎಲೆಯ ಮುಂದೆ ಕೂರುವವನಲ್ಲ; ಅವನನ್ನು ಕಂಡರೆ ಉದ್ದ ಮೀಸೆಯವರು ತುಸು ದೂರವೇ ನಿಲ್ಲುತ್ತಾರೆ. ಇಂಥವನ ಹಿತ್ತಲ ಬೇಲಿ ಮಾತ್ರ ಆಳೆತ್ತರ ದಾಟಿ ಕಾಡಾಗಿದೆ. "ಮೂರು ಕಡೆ ಕ್ಷೌರ, ಒಂದು ಕಡೆ ಜಡಿ! ಜನ ನಗ್ತಾರ್ರೀ" ಎಂದು ಹೆಂಡತಿ ಪಾಲಮ್ಮ ಚುಚ್ಚಿದರೆ, "ಆ ಕಡೆ ಗಿಡ ನನ್ ಮಾತು ಕೇಳಂಗಿಲ್ಲ" ಎನ್ನುತ್ತಾನೆ. ಹಿತ್ತಲಾಚೆ ಜೀನ್ಸ್ ಹೊಲಿಯುವ ಶೆಡ್ಡಿದೆ. ಊರೂರಿಗೆ ಪ್ಯಾಂಟು ಹೊಲಿದು ಕಳಿಸುವ ಅಲ್ಲಿನ ಹೆಂಗಸರಿಗೆ ಒಂದು ಪಾಯಿಖಾನೆಯಿಲ್ಲ. ಆ ಬೇಲಿಯ ಮರೆಯೇ ಗತಿ. ಮೊನ್ನೆ ಶೆಡ್ಡಿನ ಸಾಹುಕಾರ ಬಂದು, "ಅದನ್ನೂ ಸವರ್ರಿ ಕಂಡಕ್ಟರ್ರ, ರಸ್ತೆಗೆ ನಮ್ ಬೋರ್ಡ್ ಕಾಣಂಗಿಲ್ಲ" ಎಂದ. ತಿಪ್ಪೇಸ್ವಾಮಿ ಮೊದಲ ಸಲ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಸವರ್ತೀನ್ರಿ ಸಾಹುಕಾರ್ರ. ಮೊದ್ಲು ಆ ಹೆಣ್ಮಕ್ಕಳಿಗೆ ಒಂದು ಪಾಯಿಖಾನಿ ಕಟ್ಟಿಸ್ರಿ. ಅಲ್ಲೀತನಕ ಈ ಸಾಲಿನಾಗಿಂದ ಒಂದು ಕೊಂಬೀನೂ ಕೆಳಗ ಇಳಸಂಗಿಲ್ಲ."